ಹಿತ್ತಲ ಹಳ್ಳಕ್ಕೆ ಹನ್ನೊಂದು ಸಹಿ

ಬಿರುಗಾಳಿ ಬಂದು ಹೋಗಿ ಹದಿನೈದು ದಿನವಾದರೂ ನಮ್ಮ ಹಿತ್ತಲ ಹಳ್ಳದಲ್ಲಿ ಒಂದು ಹಾಸಿಗೆ ಹಾಯಾಗಿ ಮಲಗಿತ್ತು. ಯಾರದು ಎಂದು ಕೇಳಿದರೆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಬೇರು ಸಮೇತ ಕಿತ್ತು ಬಂದ ಒಂದು ಮರ, ಮರಕ್ಕೆ ಸಿಕ್ಕಿಕೊಂಡ ತಗಡು, ತಗಡಿಗೆ ಸುತ್ತಿಕೊಂಡ ಪ್ಲಾಸ್ಟಿಕ್, ಜೊತೆಗೆ ಯಾವುದೋ ಅಂಗಡಿಯ ಅರ್ಧ ಬೋರ್ಡು. ನೀರು ಪಾಪ, ಬದಿಯಲ್ಲಿ ಎಲ್ಲೋ ನುಸುಳಿಕೊಂಡು ಹೋಗುತ್ತಿತ್ತು. ಸೊಳ್ಳೆಗಳಿಗೆ ಮಾತ್ರ ಸುಗ್ಗಿ.

ನಮ್ಮದು ಬೈಂಡಿಂಗ್ ಕೆಲಸ. ನಾನು ಕಾಗದ ಮಡಿಸಿ ಹೊಲಿಯುತ್ತೇನೆ. ನಮ್ಮ ಮನೆಯವರು ಅಂಟು ಹಚ್ಚಿ, ರಟ್ಟು ಹಾಕಿ, ಪ್ರೆಸ್ಸಿನಲ್ಲಿಟ್ಟು ಬಿಗಿಯುತ್ತಾರೆ. ಬೀದಿ ಕಡೆಯ ಕೋಣೆಯೇ ನಮ್ಮ ಕಾರ್ಖಾನೆ. ಒಂದು ಮೆಟ್ಟಿಲು ಇಳಿದರೆ ಹಳ್ಳದ ಕಡೆಯ ಕೋಣೆ. ಅದು ನಮ್ಮ ಅತ್ತೆಯದು. ಅವರಿಗೆ ಸೊಂಟದ ಮೂಳೆ ಮುರಿದು ಎರಡು ವರ್ಷವಾಯಿತು. ಯಾರಾದರೂ ಹಿಡಿದುಕೊಂಡರೆ ನಾಲ್ಕು ಹೆಜ್ಜೆ, ಇಲ್ಲದಿದ್ದರೆ ಮಂಚವೇ ಗತಿ.

ಬಿರುಗಾಳಿಯ ದಿನ ಮಧ್ಯಾಹ್ನ ಎರಡು ಗಂಟೆಗೆ ಹಳ್ಳ ಹಿಂಬಾಗಿಲಿನಿಂದ ಒಳಗೆ ಬಂತು. ನಮ್ಮ ಮನೆಯವರು ಕೆಲಸ ಮುಗಿದ ಪುಸ್ತಕಗಳನ್ನು ತಲುಪಿಸಲು ಹೋಗಿದ್ದರು. ನೀರು ಮಂಚದ ಕಾಲು ಏರುವುದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಗೋಡೆ ಬಡಿದು ಪಕ್ಕದ ಮನೆಯ ಮೀಟರಕ್ಕನನ್ನು ಕೂಗಿದೆ. ಮೀಟರಕ್ಕ ಎಂದರೆ ಪುರಸಭೆಯ ಪರವಾಗಿ ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡಿ ಬರೆದುಕೊಳ್ಳುವವಳು. ಇಬ್ಬರೂ ಸೇರಿ ಅತ್ತೆಯನ್ನು ಎತ್ತಿ ಮುಂದಿನ ಕೋಣೆಯ ಕಟಿಂಗ್ ಮೇಜಿನ ಮೇಲೆ ಕೂರಿಸಿದೆವು. ಸಂಜೆ ಆರರವರೆಗೂ ಅವರು ಅಲ್ಲೇ ಇದ್ದರು, ಹೊಲಿಯಲು ಬಂದ ಪುಸ್ತಕಗಳ ನಡುವೆ.

"ನನ್ನನ್ನೂ ಹೊಲಿದು ರಟ್ಟು ಹಾಕ್ಬಿಡ್ರೇ. ಹಾಳೆಗಳೆಲ್ಲ ಸಡಿಲ ಆಗಿವೆ" ಎಂದರು ಅತ್ತೆ.

ನಾವು ನಕ್ಕೆವು. ಆದರೆ ಅವರು ಮೇಜಿನ ಅಂಚನ್ನು ಬಿಡಲೇ ಇಲ್ಲ. ನಾನು ಅದನ್ನು ನೋಡಿದೆ, ನೋಡಿಯೂ ನೋಡದವಳಂತೆ ನೆಲ ಒರೆಸಿದೆ. ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಇನ್ನೊಂದು ಸಲ ಈ ನೀರು ಈ ಮಂಚ ಮುಟ್ಟಬಾರದು.

ಮಳೆಗಾಲ ಜೋರಾಗಲು ಇನ್ನು ಒಂದು ತಿಂಗಳಿತ್ತು.

ಇನ್ನು ನಮ್ಮ ಬೀದಿಯ ಬುದ್ಧಿವಂತಿಕೆಯ ವಿಷಯ ಹೇಳಬೇಕು. ಇಲ್ಲಿ ಹನ್ನೊಂದು ಮನೆಗಳ ಬೆನ್ನು ಹಳ್ಳಕ್ಕೆ. ಹನ್ನೊಂದು ಮನೆಯಲ್ಲೂ ಒಂದೊಂದು ಉದ್ದನೆಯ ಬಿದಿರ ಗಳ. ಹಳ್ಳದಲ್ಲಿ ಏನಾದರೂ ಬಂದು ನಿಂತರೆ ಅದನ್ನು ಗಳದಿಂದ ಕೆಳಗಿನ ಮನೆಯ ಹಿಂದಕ್ಕೆ ದೂಡುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಮೊದಲನೇ ಮನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ. ಕೊನೆಗೆ ಹನ್ನೊಂದನೆಯವರು ಸಣ್ಣ ಸೇತುವೆಯ ಕೆಳಕ್ಕೆ. ಇದಕ್ಕೆ ನಾವು ಸ್ವಚ್ಛತೆ ಎಂದು ಹೆಸರಿಟ್ಟುಕೊಂಡಿದ್ದೇವೆ. ನಮ್ಮದು ಒಂಬತ್ತನೇ ಮನೆ. ಈ ಸಲದ ರಾಶಿ ಒಬ್ಬರ ಗಳಕ್ಕೆ ಬಗ್ಗುವಂಥದ್ದಲ್ಲ, ಹಾಗಾಗಿ ನಮ್ಮ ಹಿಂದೆಯೇ ಉಳಿದುಬಿಟ್ಟಿತ್ತು.

ಒಂದು ಬೆಳಿಗ್ಗೆ ಮೀಟರಕ್ಕ ಮೀಟರ್ ನೋಡಲು ಬಂದವಳು, ಚೀಟಿ ಕೊಟ್ಟು ಹೋಗದೆ ಹೊಸ್ತಿಲಲ್ಲೇ ನಿಂತಳು.

"ಅಣ್ಣಾ, ಒಂದು ವಿಷಯ. ಬಿರುಗಾಳಿಯಿಂದ ಹಳ್ಳಕ್ಕೆ ಬಿದ್ದಿರೋದನ್ನ ತೆಗೆಸೋಕೆ ಅಂತ ಪುರಸಭೆಗೆ ಹಣ ಬಂದಿದೆ. ಯಾವ್ಯಾವ ಕಡೆ ಕೆಲಸ ಮಾಡ್ಬೇಕು ಅಂತ ಪಟ್ಟಿ ಮಾಡ್ತಿದ್ದಾರೆ. ನಮ್ಮ ಹಳ್ಳ ಪಟ್ಟಿಲಿಲ್ಲ."

"ಯಾಕಿಲ್ವಂತೆ?" ನಾನು ಕೇಳಿದೆ.

"ಯಾರೂ ಕೇಳಿಲ್ಲ, ಅದಕ್ಕೆ."

ನಮ್ಮ ಮನೆಯವರು ಪ್ರೆಸ್ಸಿನ ಹಿಡಿ ತಿರುಗಿಸುತ್ತಲೇ ಹೇಳಿದರು, "ಕೇಳ್ಬೇಕಾ? ಅವರಿಗೆ ಕಣ್ಣಿಲ್ವಾ?"

"ಊರಲ್ಲಿ ಎಷ್ಟು ಹಳ್ಳ, ಎಷ್ಟು ಮೋರಿ ಇದೆ ಅಂತ ಗೊತ್ತಾ ಅಣ್ಣಾ? ಮನೆಗೊಂದು ಸಹಿ ಹಾಕಿ ಅರ್ಜಿ ಕೊಟ್ರೆ ಇಂಜಿನಿಯರ್ ಬಂದು ಅಳತೆ ತಗೋತಾರೆ. ಅಳತೆ ಆದ್ರೆ ವಾರ್ಡ್ ಸಭೆಲಿ ಒಪ್ಪಿಗೆ. ಒಪ್ಪಿಗೆ ಆದ್ರೆ ಯಂತ್ರ ಬರತ್ತೆ. ತಿಂಗಳ ಕೊನೆಗೆ ಪಟ್ಟಿ ಮುಚ್ತಾರೆ. ಆಮೇಲೆ ಗೋಳಾಡಿದ್ರೆ ನಮ್ಮ ಪಾಲು ಬೇರೆ ವಾರ್ಡಿಗೆ ಹೋಗಿರತ್ತೆ."

ಇವರು ಕೈ ನಿಲ್ಲಿಸಿದರು. "ನೋಡಕ್ಕಾ, ವರ್ಷಕ್ಕೊಂದು ಸಲ ಪುರಸಭೆ ರಿಜಿಸ್ಟರುಗಳ ಕೆಲಸ ನಮಗೇ ಬರೋದು. ಅದರಲ್ಲೇ ನಮ್ಮ ಹೊಟ್ಟೆ ಹೊರೀತಿರೋದು. ಅವರ ಕೆಲಸ ಮಾಡ್ಕೊಂಡು ಅವರ ಮೇಲೇ ಅರ್ಜಿ ಹಾಕೋದಾ? ನಾನು ಸಹಿ ಹಾಕಲ್ಲ."

"ಅರ್ಜಿ ಅಂದ್ರೆ ದೂರಲ್ಲ ಅಣ್ಣಾ. ನಾನೂ ಅವರ ಸಂಬಳ ತಿನ್ನೋಳೇ. ನಾನೇ ಮೊದಲ ಸಹಿ ಹಾಕಿದೀನಿ."

"ನಿನ್ನದು ಬೇರೆ, ನಮ್ಮದು ಬೇರೆ."

ಬೇರೆ ಹೇಗೆ ಎಂದು ಅವರೂ ಹೇಳಲಿಲ್ಲ, ಕೇಳುವಷ್ಟು ತಾಳ್ಮೆ ನನಗೂ ಇರಲಿಲ್ಲ. ಸೂಜಿ ಕೆಳಗಿಟ್ಟು ಎದ್ದೆ.

"ಅಕ್ಕಾ, ಮನೆಗೊಂದು ಸಹಿ ಅಂದ್ಯಲ್ಲಾ, ಅದು ಗಂಡಸರದ್ದೇ ಆಗ್ಬೇಕಾ?"

"ಹಾಗೇನಿಲ್ಲ."

"ಕೊಡು ಇಲ್ಲಿ."

ಅಂಟು ಮೆತ್ತಿದ ಬೆರಳಿನಲ್ಲೇ ಸಹಿ ಹಾಕಿದೆ. ಕಾಗದದ ಮೂಲೆ ಕೈಗೇ ಅಂಟಿಕೊಂಡು ಬಂತು. ಇವರು ಮುಖ ಗಂಟಿಕ್ಕಿಕೊಂಡು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ, ಮನೆಯಲ್ಲಿ ಸ್ವಲ್ಪ ಶಾಂತಿ ಇತ್ತು ಎನ್ನಿ.

ಹನ್ನೊಂದರಲ್ಲಿ ಆರು ಮನೆಯವರು ಸಹಿ ಹಾಕಿದರು. ಉಳಿದವರು "ಆಗೋ ಹೋಗೋ ಮಾತಲ್ಲ ಬಿಡಿ" ಎಂದರು. ಆರು ಸಹಿಯ ಅರ್ಜಿಯನ್ನೇ ಕೊಟ್ಟು ಬಂದೆವು. ಮೀಟರಕ್ಕ ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿದ ಚೀಟಿಯನ್ನು ಹಟ ಹಿಡಿದು ಇಸಿದುಕೊಂಡಳು. ಒಂದು ವಾರಕ್ಕೆ ಸುದ್ದಿ ಬಂತು, ಗುರುವಾರ ಬೆಳಿಗ್ಗೆ ಇಂಜಿನಿಯರ್ ಬರುತ್ತಾರೆ.

ಬುಧವಾರ ನಾನು ದಾರದ ಉಂಡೆ ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಹಿತ್ತಲಲ್ಲಿ ಗದ್ದಲ. ನಮ್ಮ ಮನೆಯವರು, ಏಳನೇ ಮನೆಯ ಸೈಕಲ್ ರಿಪೇರಿಯವರು, ಹತ್ತನೇ ಮನೆಯ ವೆಲ್ಡಿಂಗ್ ಅಣ್ಣ, ಮೂವರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಾರೆ. ಮರಕ್ಕೆ ಹಗ್ಗ ಕಟ್ಟಿ ಎಳೆದು, ಮೂರು ಗಳ ಒಟ್ಟಿಗೆ ಹಾಕಿ ಮೀಟಿ, ಇಡೀ ರಾಶಿಯನ್ನು ಸೇತುವೆಯ ಕೆಳಕ್ಕೆ ಸಾಗಿಸಿಬಿಟ್ಟಿದ್ದರು. ಹಾಸಿಗೆ ಕೂಡ ಹೊರಟುಹೋಗಿತ್ತು.

"ರೀ, ಇದೇನು ಮಾಡಿದ್ರಿ?"

ಇವರು ಬೆವರು ಒರೆಸಿಕೊಂಡು ಹೆಮ್ಮೆಯಿಂದ ಹೇಳಿದರು, "ನಾಳೆ ಸಾಹೇಬ್ರು ಬರ್ತಾರಲ್ಲ. ನಮ್ಮ ಹಿತ್ತಲು ಹೀಗಿದ್ರೆ ಏನಂದ್ಕೋತಾರೆ? ನಮ್ಮ ಕೈಗೆ ಕೆಲಸ ಕೊಡೋರು. ಚೊಕ್ಕಟವಾಗಿರ್ಲಿ ಅಂತ."

ನಾನು ದಾರದ ಉಂಡೆಗಳನ್ನು ಹಿಡಿದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತೆ. ಡಾಕ್ಟರು ಬರುತ್ತಾರೆಂದು ಗಾಯವನ್ನು ಬಟ್ಟೆಯಿಂದ ಮುಚ್ಚಿ, ಏನೂ ಇಲ್ಲ ಎಂದು ತೋರಿಸುವವರೂ ಇರುತ್ತಾರೆಯೇ? ನಮ್ಮ ಬೀದಿಯಲ್ಲಿ ಇದ್ದರು, ಒಬ್ಬರಲ್ಲ, ಮೂವರು.

ಗುರುವಾರ ಇಂಜಿನಿಯರ್ ಬಂದರು. ವಯಸ್ಸು ಕಡಿಮೆ, ಮಾತೂ ಕಡಿಮೆ. ಟೇಪು ಹಿಡಿದು ಹಳ್ಳದ ದಂಡೆಯ ಮೇಲೆ ಅತ್ತಿಂದಿತ್ತ ನಡೆದರು.

"ಅರ್ಜಿಲಿ ದೊಡ್ಡ ರಾಶಿ ಇದೆ ಅಂತ ಬರ್ದಿದೀರಿ. ಇಲ್ಲಿ ತೆಗೆಯೋಕೆ ಏನಿದೆಯಮ್ಮಾ?"

"ಸರ್, ಅದು ಈಗ ಸೇತುವೆ ಕೆಳಗಿದೆ" ಎಂದೆ.

"ಸೇತುವೆ ಕೆಳಗಿನದು ರಸ್ತೆ ಇಲಾಖೆಯವರ ಜವಾಬ್ದಾರಿ. ಪುರಸಭೆ ಹಣ ಅಲ್ಲಿ ಖರ್ಚು ಮಾಡೋ ಹಾಗಿಲ್ಲ. ಅವರಿಗೆ ಬರೆದ್ರೆ ನಾಲ್ಕೈದು ತಿಂಗಳಾದ್ರೂ ಬೇಕು." ಫೈಲಿನಲ್ಲಿ ಏನೋ ಬರೆದರು. ನಾನು ಕತ್ತು ಚಾಚಿ ಓದಿದೆ. 'ತೆರವಿನ ಅಗತ್ಯ ಕಂಡುಬಂದಿಲ್ಲ.'

ನಮ್ಮ ಮನೆಯವರು ಇಂಗು ತಿಂದ ಮಂಗನಂತೆ ನಿಂತಿದ್ದರು. ಮೂರು ಗಂಟೆ ಕೆಸರಿನಲ್ಲಿ ನಿಂತು ಸಂಪಾದಿಸಿದ್ದು ಇಷ್ಟು. ಮೀಟರಕ್ಕ ಮಾತ್ರ ಇಂಜಿನಿಯರ್ ಗೇಟು ದಾಟುವ ಮೊದಲೇ ಒಂದು ಪ್ರಶ್ನೆ ಕೇಳಿದಳು.

"ಸರ್, ಆ ರಾಶಿ ನಮ್ಮ ಭಾಗದ ಹಳ್ಳದಿಂದಲೇ ಅಲ್ಲಿಗೆ ಹೋಗಿದ್ದು ಅಂತ ಆದ್ರೆ?"

ಅವರು ತಿರುಗಿ ನಿಂತರು. "ಹಾಗಂತ ಸಭೆಲಿ ದಾಖಲಾದ್ರೆ, ಸೇತುವೆವರೆಗೂ ಸೇರಿಸಿ ಒಂದೇ ಕೆಲಸ ಅಂತ ತೀರ್ಮಾನ ಮಾಡ್ಬಹುದು. ರಸ್ತೆ ಇಲಾಖೆಯಿಂದ ಬರೀ ಒಪ್ಪಿಗೆ ಪತ್ರ ತಂದ್ರೆ ಸಾಕಾಗತ್ತೆ. ಆದ್ರೆ ಯಾರು ದೂಡಿದ್ರು ಅಂತ ಯಾರಾದ್ರೂ ಹೇಳ್ಬೇಕಲ್ಲ. ಹಳ್ಳಕ್ಕೆ ಅಡ್ಡಿ ಮಾಡಿದ್ರೆ ದಂಡ ಇದೆ, ಗೊತ್ತಲ್ವಾ?"

ಎಲ್ಲರೂ ಒಂದೇ ಸಲ ಬೇರೆ ಬೇರೆ ದಿಕ್ಕು ನೋಡಿದರು. ಸೈಕಲ್ ರಿಪೇರಿಯವರಿಗೆ ಅಂಗಡಿ ತೆರೆಯುವುದು ನೆನಪಾಯಿತು.

ಭಾನುವಾರ ಮಧ್ಯಾಹ್ನ ಒಂದು ಮಳೆ ಬಂತು. ಬಿರುಗಾಳಿಯಲ್ಲ, ಒಂದು ಗಂಟೆಯ ಸಾಮಾನ್ಯ ಮಳೆ. ನಾವಿಬ್ಬರೂ ಮುಂದಿನ ಕೋಣೆಯಲ್ಲಿ ಅವಸರದ ಕೆಲಸದಲ್ಲಿದ್ದೆವು, ಸೋಮವಾರ ಒಂದು ಶಾಲೆಗೆ ಇನ್ನೂರು ಪುಸ್ತಕ ಕೊಡಬೇಕಿತ್ತು. ಪ್ರೆಸ್ಸಿನ ಕಿರುಗುಟ್ಟುವಿಕೆ, ತಗಡಿನ ಮೇಲೆ ಮಳೆಯ ಸದ್ದು. ರಟ್ಟು ತರಲು ಇವರು ಮೆಟ್ಟಿಲು ಇಳಿದರು, ಕಾಲಿಟ್ಟದ್ದು ನೀರಿನಲ್ಲಿ.

ಸೇತುವೆಯ ಬಾಯಿ ಕಟ್ಟಿಹೋಗಿ ಹಳ್ಳ ಹಿಮ್ಮುಖವಾಗಿ ಹರಿದು ಬಂದಿತ್ತು. ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. ಒಂದು ಕಾಲು ಮೇಲಕ್ಕೆಳೆದುಕೊಂಡಿದ್ದರು. ಇನ್ನೊಂದು ಕಾಲನ್ನು ಅವರು ಎಳೆದುಕೊಳ್ಳಲಾರರು. ಅದು ಪಾದದವರೆಗೆ ಕೆಂಪು ನೀರಿನಲ್ಲಿ ಮುಳುಗಿತ್ತು.

"ಅಮ್ಮಾ! ಯಾಕೆ ಕೂಗಲಿಲ್ಲ?"

"ಕೂಗಿ ಏನ್ ಮಾಡ್ಲಪ್ಪಾ?" ಎಂದರು ಅತ್ತೆ. ದನಿಯಲ್ಲಿ ಕೋಪವಿರಲಿಲ್ಲ. "ನೀನು ಬಂದು ಈ ನೀರನ್ನೂ ಪಕ್ಕದ ಮನೆಗೆ ದೂಡ್ತೀಯಾ?"

ನಮ್ಮ ಮನೆಯವರು ನೀರು ತುಳಿದುಕೊಂಡು ಮಂಚದ ಹತ್ತಿರ ಹೋದರು. ಅವರನ್ನು ಎತ್ತಿಕೊಂಡು ಬಂದು ಮೇಜಿನ ಮೇಲೆ ಕೂರಿಸಿದರು. ನೆಲದ ಮೇಲೆ ಕೂತು ತಮ್ಮ ಅಂಗಿಯಲ್ಲೇ ಆ ಪಾದ ಒರೆಸಿದರು. ಒಣಗಿದ ಮೇಲೂ ಒರೆಸುತ್ತಲೇ ಇದ್ದರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮಳೆ ನಿಂತ ಮೇಲೆ ಅವರೇ ಮೀಟರಕ್ಕನ ಮನೆಯ ಬಾಗಿಲು ತಟ್ಟಿದರು. ನಾನೂ ಹಿಂದೆ ಹೋದೆ.

"ಅಕ್ಕಾ, ಈಗ ಏನು ಮಾಡ್ಬೇಕು ಹೇಳು."

"ಶನಿವಾರ ವಾರ್ಡ್ ಸಭೆ ಇದೆ ಅಣ್ಣಾ. ಅಲ್ಲಿ ಎದ್ದು ನಿಂತು ನಡೆದದ್ದು ನಡೆದ ಹಾಗೆ ಹೇಳ್ಬೇಕು. ಬರೆದೂ ಕೊಡ್ಬೇಕು."

"ದಂಡ ಹಾಕಿದ್ರೆ?"

"ಹಾಕಿದ್ರೂ ಹಾಕ್ಬಹುದು. ನಾನು ಸುಳ್ಳು ಧೈರ್ಯ ಹೇಳಲ್ಲ."

"ರಿಜಿಸ್ಟರ್ ಕೆಲಸ ಕೈ ತಪ್ಪಿದ್ರೆ?"

ಇವರು ನನ್ನ ಕಡೆ ನೋಡಿದರು.

"ಮದುವೆ ಕಾರ್ಡಿನ ಡಬ್ಬಿ ಮಾಡೋಣ, ಶಾಲೆ ಪುಸ್ತಕ ಹೊಲಿಯೋಣ" ಎಂದೆ. "ಕೈ ಇದೆ, ಸೂಜಿ ಇದೆ. ಅತ್ತೆಗೆ ಇನ್ನೊಂದು ಕಾಲು ಎಲ್ಲಿಂದ ತರೋಣ?"

ಅವತ್ತಿನಿಂದ ಶುಕ್ರವಾರದವರೆಗೆ ನಾನೂ ಮೀಟರಕ್ಕನೂ ಮನೆಮನೆ ತಿರುಗಿದೆವು. ಸಭೆಗೆ ಬನ್ನಿ ಎಂದಷ್ಟೇ ಕೇಳಿದೆವು. ಬರುತ್ತೇವೆ ಎಂದವರು ಕೆಲವರು, ನೋಡೋಣ ಎಂದವರು ಹಲವರು. ಒಬ್ಬರು ಕಿಟಕಿಯಿಂದಲೇ ಮನೆಯಲ್ಲಿ ಯಾರೂ ಇಲ್ಲ ಎಂದರು.

ಶನಿವಾರ ಹತ್ತು ಗಂಟೆಗೆ ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರೆಲ್ಲ ಮೊಣಕಾಲು ಮಡಚಿ ಕೂತಿದ್ದರು. ಎದುರಿಗೆ ನಮ್ಮ ವಾರ್ಡಿನ ಸದಸ್ಯೆ, ಪಕ್ಕದಲ್ಲಿ ಇಂಜಿನಿಯರ್, ಗುಮಾಸ್ತರ ಮುಂದೆ ತೆರೆದ ದಪ್ಪ ರಿಜಿಸ್ಟರು. ಇವರು ನನ್ನ ಕಿವಿಯಲ್ಲಿ, "ನಾನೇ ಬೈಂಡ್ ಮಾಡಿದ್ದು ಅದು" ಎಂದರು.

ಪಟ್ಟಿ ಓದಿದರು. ನಮ್ಮ ಹಳ್ಳದ ಹೆಸರು ಬಂದಾಗ ಇಂಜಿನಿಯರ್, "ಅಗತ್ಯ ಕಂಡುಬಂದಿಲ್ಲ" ಎಂದರು. ಗುಮಾಸ್ತರು ಗೀಟು ಹಾಕಲು ಸ್ಕೇಲು ಎತ್ತಿಕೊಂಡರು.

"ಸ್ವಲ್ಪ ನಿಲ್ಲಿಸಿ." ಬೆಂಚು ಕಿರ್ ಎಂದಿತು. ನಮ್ಮ ಮನೆಯವರು ಎದ್ದು ನಿಂತಿದ್ದರು. "ನಾನು ಒಂಬತ್ತನೇ ಮನೆಯವನು. ಬೈಂಡಿಂಗ್ ಕೆಲಸ. ಅಗತ್ಯ ಇದೆ ಮೇಡಂ. ರಾಶಿ ನಮ್ಮ ಮನೆ ಹಿಂದೆನೇ ಇತ್ತು. ಇವರು ಬರೋ ಹಿಂದಿನ ದಿನ ಅದನ್ನ ಸೇತುವೆ ಕೆಳಗೆ ದೂಡಿದ್ದು ನಾನು."

ಸದಸ್ಯೆ ಕನ್ನಡಕ ಸರಿ ಮಾಡಿಕೊಂಡರು. "ಯಾಕೆ ದೂಡಿದ್ರಿ?"

"ನಾಚಿಕೆ ಆಯ್ತು ಮೇಡಂ. ನಿಮ್ಮ ಮುಂದೆ ನಮ್ಮ ಹಿತ್ತಲು ಚೆನ್ನಾಗಿ ಕಾಣ್ಲಿ ಅಂತ. ನಮ್ಮಮ್ಮ ಎದ್ದು ಓಡಲಾರರು. ಭಾನುವಾರ ಅವರ ಕಾಲು ಆ ನೀರಲ್ಲಿತ್ತು. ನನಗೆ ದಂಡ ಹಾಕಿ, ಕಟ್ತೀನಿ. ಮುಂದೆ ಕೆಲಸ ಕೊಡಬೇಡಿ, ಅದೂ ನಿಮ್ಮಿಷ್ಟ. ಆದ್ರೆ ಹಳ್ಳ ಪಟ್ಟಿಗೆ ಹಾಕಿ. ಹಾಕೋವರೆಗೂ ನಾನು ಕೂರಲ್ಲ."

ಗುಮಾಸ್ತರ ಸ್ಕೇಲು ಹಾಗೇ ಗಾಳಿಯಲ್ಲಿತ್ತು. ಹಿಂದಿನ ಬೆಂಚಿನಿಂದ ಸೈಕಲ್ ರಿಪೇರಿಯವರು ಎದ್ದರು. "ಇವರೊಬ್ಬರೇ ಅಲ್ಲ, ಗಳ ಹಾಕಿದ್ದು ನಾನೂ." ವೆಲ್ಡಿಂಗ್ ಅಣ್ಣ ಎದ್ದರು. "ಹಗ್ಗ ನನ್ನದು." ಆಮೇಲೆ ಎರಡನೇ ಮನೆಯ ಅಜ್ಜಿ, ಬೆಂಚು ಹಿಡಿದುಕೊಂಡು ಮೆಲ್ಲಗೆ. "ನಾನು ಐವತ್ತು ವರ್ಷದಿಂದ ದೂಡ್ತಾ ಬಂದಿದೀನಿ ಕಣವ್ವಾ. ನನ್ನ ಹೆಸರು ಮೊದಲು ಬರ್ಕೋ."

ಯಾರೋ ನಕ್ಕರು, ನಗು ಇಡೀ ಕೋಣೆಗೆ ಹಬ್ಬಿತು. ನಗುತ್ತಲೇ ಒಬ್ಬೊಬ್ಬರಾಗಿ ಎದ್ದರು. ಮನೆಯಲ್ಲಿ ಯಾರೂ ಇಲ್ಲ ಎಂದಿದ್ದವರೂ ಎದ್ದರು. ಎಣಿಸಿದೆ, ಹನ್ನೊಂದು ಮನೆಯವರೂ ನಿಂತಿದ್ದರು.

ಸದಸ್ಯೆ ಇಂಜಿನಿಯರ್ ಜೊತೆ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಗುಮಾಸ್ತರಿಗೆ ಬರೆಸಿದರು. ಒಂದನೇ ಮನೆಯಿಂದ ಸೇತುವೆಯವರೆಗೆ ಒಂದೇ ಕೆಲಸ. ಇಂಜಿನಿಯರ್ ಸೋಮವಾರ ಮತ್ತೆ ಅಳತೆ ಮಾಡಬೇಕು. ರಸ್ತೆ ಇಲಾಖೆಯ ಒಪ್ಪಿಗೆ ಪತ್ರವನ್ನು ಪುರಸಭೆಯೇ ತರಬೇಕು. "ಸಭೆ ಒಪ್ಪತ್ತಾ?" ಎಂದು ಕೇಳಿದರು. ಎದ್ದ ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ.

"ದಂಡ?" ಇವರು ಇನ್ನೂ ನಿಂತೇ ಇದ್ದರು.

"ಇದು ಎಚ್ಚರಿಕೆ. ಇನ್ನೊಂದು ಸಲ ದೂಡಿದ್ರೆ ಹನ್ನೊಂದು ಮನೆಗೂ ದಂಡ. ಈಗ ಕೂತ್ಕೊಳ್ಳಿ, ಹಿಂದಿನವರಿಗೆ ಕಾಣ್ತಿಲ್ಲ."

ಗುಮಾಸ್ತರು ರಿಜಿಸ್ಟರು ತಿರುಗಿಸಿ ಇಟ್ಟರು. ಹನ್ನೊಂದು ಮನೆಯವರೂ ಸಹಿ ಹಾಕಿದೆವು.

ಹನ್ನೆರಡನೇ ದಿನ ಯಂತ್ರ ಬಂತು. ಎರಡು ದಿನದಲ್ಲಿ ಏಳು ಲಾರಿ ಕಸ ಹೋಯಿತು. ಹಾಸಿಗೆಯನ್ನು ಮೇಲಕ್ಕೆತ್ತಿದಾಗ ಏಳನೇ ಮನೆಯ ಸೈಕಲ್ ರಿಪೇರಿಯವರ ಹೆಂಡತಿ, "ಅಯ್ಯೋ, ನಮ್ಮದೇ ಕಣ್ರೀ" ಎಂದುಬಿಟ್ಟಳು. ಎಲ್ಲ ಸಲೀಸಾಗಿ ಆಯಿತು ಎಂದು ನಾನು ಹೇಳುವುದಿಲ್ಲ. ದಂಡೆಯ ಒಂದು ಕಡೆ ಮಣ್ಣು ಕುಸಿದಿದೆ, ಅದಕ್ಕೆ ಇನ್ನೊಂದು ಅರ್ಜಿ ಕೊಟ್ಟಿದ್ದೇವೆ. ಈ ವರ್ಷದ ರಿಜಿಸ್ಟರ್ ಕೆಲಸ ಇನ್ನೂ ಬಂದಿಲ್ಲ. ಅದು ಪ್ರತಿ ವರ್ಷ ತಡವೇ ಎನ್ನುತ್ತಾಳೆ ಮೀಟರಕ್ಕ. ಇವರು ಆ ಮಾತು ಎತ್ತುವುದನ್ನೇ ಬಿಟ್ಟಿದ್ದಾರೆ.

ಆದರೆ ಕಳೆದ ವಾರ ಮೂರು ದಿನ ಬಿಡದೆ ಮಳೆ ಸುರಿಯಿತು. ಹಳ್ಳ ತುಂಬಿ ಹರಿಯಿತು, ಸೇತುವೆ ದಾಟಿ ತನ್ನ ಪಾಡಿಗೆ ಮುಂದೆ ಹೋಯಿತು. ಹಿಂದಿನ ಕೋಣೆಯ ನೆಲ ಒಣಗಿಯೇ ಇತ್ತು. ಅತ್ತೆ ಮೂರೂ ದಿನ ಚೆನ್ನಾಗಿ ನಿದ್ದೆ ಮಾಡಿದರು, ಗೊರಕೆಯ ಸದ್ದಿಗೆ ನಮಗೇ ನಿದ್ದೆ ಇಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಹಿಂದೆಯೂ ಒಂದು ಹಳ್ಳವೋ ಮೋರಿಯೋ ಇರುತ್ತದೆ. ಗಾಳಿಮಳೆಗೆ ಅದು ಕಟ್ಟಿಕೊಂಡಿದ್ದರೆ ನೀವೇ ನೀರಿಗಿಳಿದು ಸಾಹಸ ಮಾಡಬೇಡಿ, ಕೆಳಗಿನ ಮನೆಗೆ ದೂಡಲೂ ಬೇಡಿ. ಕಂಡ ದಿನವೇ ಫೋಟೊ ತೆಗೆದಿಡಿ. ನಿಮ್ಮ ಸ್ಥಳೀಯ ಕಚೇರಿಗೆ ಹೋಗಿ, ತೆರವಿಗೆ ಹಣ ಇದೆಯೇ, ಕೊನೆಯ ದಿನ ಯಾವುದು ಎಂದು ಕೇಳಿ. ನಿಯಮ ಊರಿಂದ ಊರಿಗೆ ಬೇರೆ ಇರಬಹುದು, ಆದರೆ ಕೇಳುವುದಕ್ಕೆ ಯಾವ ಊರಿನಲ್ಲೂ ದಂಡವಿಲ್ಲ. ಅಕ್ಕಪಕ್ಕದವರ ಸಹಿ ಹಾಕಿಸಿ ಅರ್ಜಿ ಕೊಡಿ, ಕೊಟ್ಟಿದ್ದಕ್ಕೆ ಚೀಟಿ ಪಡೆಯಿರಿ, ಅಳತೆಗೆ ಬಂದಾಗ ಇದ್ದದ್ದನ್ನು ಇದ್ದ ಹಾಗೆಯೇ ತೋರಿಸಿ. ಸಭೆ ಇದ್ದರೆ ತಪ್ಪದೆ ಹೋಗಿ. ಅದು ನಮ್ಮ ತೆರಿಗೆಯ ಹಣ, ಕೇಳಲು ಸಂಕೋಚ ಯಾಕೆ?

ಮತ್ತೆ ಮಳೆ ಬರುತ್ತದೆ. ನಿಮ್ಮ ಮನೆಯಲ್ಲೂ ಎದ್ದು ಓಡಲಾಗದವರು ಒಬ್ಬರಿರಬಹುದು. ಅವರು ಕೂಗುವವರೆಗೆ ಕಾಯಬೇಡಿ. ಈ ವಾರವೇ ಹೋಗಿ ಅರ್ಜಿ ಕೊಟ್ಟು ಬನ್ನಿ.